ಹರಳಿನ ಅಂಚಿನಲ್ಲಿ ಹುಟ್ಟಿದ ಒಂದು ಕಾಲಘಟ್ಟ: ಧಾರವಾಡ ಕ್ರೇಟಾನ್ ಕುರಿತ ಪಿಎಚ್.ಡಿ ಸಂಶೋಧನೆಯೊಂದರ ಪ್ರಕರಣ ಅಧ್ಯಯನ

ಕರ್ನಾಟಕದ ಅತಿ ಹಳೆಯ ಶಿಲೆಗಳ ಮೇಲೆ ನಡೆಯುತ್ತಿದ್ದ ಒಂದು ಪಿಎಚ್.ಡಿ ಸಂಶೋಧನೆಯಲ್ಲಿ, ಮಹಾಪ್ರಬಂಧದ ಮುಖ್ಯ ಅಧ್ಯಾಯಕ್ಕೆ ಆಧಾರವಾಗಿದ್ದ ಕಾಲನಿರ್ಣಯವನ್ನೇ ಕೊನೆಯ ಹಂತದಲ್ಲಿ ಕೈಬಿಡಬೇಕಾಗಿ ಬಂತು. ಅದು ಏಕೆ ಹಾಗಾಯಿತು, ಹೇಗೆ ಬೆಳಕಿಗೆ ಬಂತು, ನಂತರ ಕೆಲಸ ಯಾವ ದಾರಿ ಹಿಡಿದು ಮುಗಿಯಿತು ಎಂಬುದನ್ನು ಸಂಶೋಧನಾ ಸಲಹಾ ಸಮಿತಿಯ ಸದಸ್ಯನಾಗಿ ನಾನು ಹತ್ತಿರದಿಂದ ಕಂಡಿದ್ದೇನೆ. ಸಂಶೋಧಕಿ ಮತ್ತು ಅವರ ಮಾರ್ಗದರ್ಶಕರ ಒಪ್ಪಿಗೆಯಿಂದ ಇದನ್ನು ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯ, ಪ್ರಯೋಗಾಲಯ ಮತ್ತು ಊರುಗಳ ಹೆಸರುಗಳನ್ನು ಬಿಟ್ಟಿದ್ದೇನೆ. ಅಳತೆಯ ಅಂಕಿಗಳನ್ನು ಗುರುತು ಸಿಗದ ಮಟ್ಟಿಗೆ ಸ್ಥೂಲವಾಗಿ ಕೊಟ್ಟಿದ್ದೇನೆ. ಶಿಲೆಗಳ ವಿಷಯದಲ್ಲಿ ಮಾತ್ರ ಏನನ್ನೂ ಬದಲಿಸಿಲ್ಲ.

ಹಿನ್ನೆಲೆ

ಕರ್ನಾಟಕದ ಬಹುಭಾಗದ ನೆಲದಡಿಯಲ್ಲಿರುವುದು ಧಾರವಾಡ ಕ್ರೇಟಾನ್, ಅಂದರೆ ಬಹು ಹಿಂದೆಯೇ ಗಟ್ಟಿಯಾಗಿ ಸ್ಥಿರಗೊಂಡ ಪುರಾತನ ಭೂಖಂಡದ ತುಂಡು. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇಲ್ಲಿನ ಶಿಸ್ಟ್ ಶಿಲೆಗಳಿಗೆ (ಶಾಖ, ಒತ್ತಡಗಳಿಂದ ಪದರುಪದರಾದ ಶಿಲೆಗಳಿಗೆ) ಧಾರವಾಡದ ಹೆಸರಿಟ್ಟ ಕಾಲದಿಂದಲೂ, 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದ ಮೇಲಂತೂ ಇನ್ನೂ ಹೆಚ್ಚಾಗಿ, ಜಗತ್ತಿನ ಪ್ರಾಚೀನ ಭೂಖಂಡಗಳ ಚರ್ಚೆಯಲ್ಲಿ ಈ ನೆಲಕ್ಕೆ ಒಂದು ಸ್ಥಾನವಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನು ಹತ್ತಿದವರೆಲ್ಲ ಸುಮಾರು 300 ಕೋಟಿ ವರ್ಷ ಹಳೆಯ ಪೆನಿನ್ಸುಲಾರ್ ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆಯ ಮೇಲೆ ಕಾಲಿಟ್ಟವರೇ. ಹಾಸನದ ಕಡೆಗೆ ಹೋದರೆ ಇದಕ್ಕಿಂತಲೂ ಹಳೆಯ, 330 ಕೋಟಿ ವರ್ಷಗಳ ಆಸುಪಾಸಿನ ನೈಸ್ ಸಿಗುತ್ತದೆ. ಈ ನೈಸ್ ಶಿಲೆಗಳ ನಡುವೆ ಉದ್ದುದ್ದವಾಗಿ ಹಬ್ಬಿರುವ ಶಿಸ್ಟ್ ಪಟ್ಟಿಗಳಲ್ಲಿ ಲಾವಾ ಶಿಲೆಗಳು, ಮರಳುಗಲ್ಲು ರೂಪಾಂತರಗೊಂಡು ಆದ ಕ್ವಾರ್ಟ್ಸೈಟ್ ಮತ್ತು ಕಬ್ಬಿಣದ ಅದಿರಿನ ಪದರಗಳಿವೆ. ಇವುಗಳಲ್ಲಿ ಸರಗೂರು ಗುಂಪು 300 ಕೋಟಿ ವರ್ಷಗಳಿಗಿಂತ ಹಳೆಯದು. ಅದರ ಮೇಲೆ, ನಡುವೆ ದೀರ್ಘ ಸವೆತದ ಅವಧಿಯೊಂದು ಕಳೆದ ನಂತರ, ಬಾಬಾಬುಡನ್ ಮತ್ತು ಚಿತ್ರದುರ್ಗ ಗುಂಪುಗಳ ಶಿಲೆಗಳು ಶೇಖರಗೊಂಡವು.

ಚಿತ್ರದುರ್ಗ ಶಿಸ್ಟ್ ಪಟ್ಟಿಯ ಪೂರ್ವದ ಅಂಚಿನುದ್ದಕ್ಕೂ, ಗದಗದ ಕಡೆಯಿಂದ ಮಂಡ್ಯದ ಕಡೆಗೆ, ಒಂದು ಷಿಯರ್ ವಲಯ ಹಾದುಹೋಗುತ್ತದೆ. ಷಿಯರ್ ವಲಯವೆಂದರೆ ಭೂಚಿಪ್ಪಿನ ಎರಡು ಭಾಗಗಳು ಒಂದನ್ನೊಂದು ಉಜ್ಜಿಕೊಂಡು ಸರಿದ ಜಾಗ. ಅಲ್ಲಿ ಶಿಲೆಗಳು ಅರೆದು, ಎಳೆದು, ಎಲೆಯಂಥ ತೆಳು ಪದರಗಳಾಗಿ ಮಾರ್ಪಡುತ್ತವೆ. ಅಂಥ ಶಿಲೆಗೆ ಮೈಲೋನೈಟ್ ಎನ್ನುತ್ತಾರೆ. ಈ ವಲಯವನ್ನು ಪಶ್ಚಿಮ ಮತ್ತು ಪೂರ್ವ ಧಾರವಾಡ ಭಾಗಗಳ ಗಡಿಯೆಂದು ಬಹಳ ಮಂದಿ ಒಪ್ಪುತ್ತಾರೆ. ಆದರೆ ಆ ಗಡಿ ಯಾವಾಗ ಮೂಡಿತು ಎಂಬ ಪ್ರಶ್ನೆಗೆ ಭಾರೀ ತೂಕವಿದೆ. ಇಂದಿನಂತೆಯೇ ಭೂಫಲಕಗಳು ಅಡ್ಡಡ್ಡ ಚಲಿಸಿ ಢಿಕ್ಕಿಯಾದುದರಿಂದ ಧಾರವಾಡದ ನೆಲ ರೂಪುಗೊಂಡಿತು ಎನ್ನುವವರು ಒಂದು ಕಡೆ. ಭಾರವಾದ ಲಾವಾ ಶಿಲೆಗಳು ಕೆಳಕ್ಕೆ ಕುಸಿದು, ಹಗುರವಾದ ಬಿಸಿ ಗ್ರಾನೈಟ್ ಗುಮ್ಮಟಗಳಾಗಿ ಮೇಲಕ್ಕೆದ್ದು ಈ ರಚನೆ ಬಂತು ಎನ್ನುವವರು ಇನ್ನೊಂದು ಕಡೆ. ಹೊಳೆನರಸೀಪುರದ ಸುತ್ತಲಿನ ಗುಮ್ಮಟ ರಚನೆಗಳನ್ನು 1990ರ ದಶಕದಲ್ಲಿ ಅಧ್ಯಯನ ಮಾಡಿದವರು ಎರಡನೆಯ ವಾದಕ್ಕೆ ಬಲ ತಂದರು. ಷಿಯರ್ ವಲಯದ ಚಲನೆಯ ಕಾಲ ನಿಖರವಾಗಿ ತಿಳಿದರೆ ಈ ವಾದ ಪೂರ್ತಿ ಇತ್ಯರ್ಥವಾಗದು, ಆದರೆ ಎರಡೂ ಕಡೆಯವರು ಉತ್ತರ ಹೇಳಲೇಬೇಕಾದ ಒಂದು ಅಂಕಿ ಸಿಗುತ್ತದೆ.

ನಮ್ಮ ಸಂಶೋಧಕಿ ಈ ವಲಯದ ಒಂದು ಚಿಕ್ಕ ತುಂಡನ್ನು ಆರಿಸಿಕೊಂಡರು. ಅವರ ಪ್ರಸ್ತಾವನೆಯ ಮೂಲ ವಾಕ್ಯ ಸರಳವಾಗಿತ್ತು: ಮೈಲೋನೈಟ್ ಆಗಿರುವ ನೈಸ್ ಶಿಲೆಯಿಂದ ಜಿರ್ಕಾನ್ ಹರಳುಗಳನ್ನು ಬೇರ್ಪಡಿಸಿ, ಯುರೇನಿಯಂ–ಸೀಸ ವಿಧಾನದಿಂದ ಅವುಗಳ ವಯಸ್ಸು ಅಳೆದು, ಷಿಯರ್ ಚಲನೆಯ ಕಾಲ ಹೇಳುವುದು.

ಪ್ರಸ್ತಾವನೆಯಲ್ಲೇ ಇದ್ದ ತೊಡಕು

ಜಿರ್ಕಾನ್ ಗಟ್ಟಿ ಖನಿಜ. ಶಿಲಾಪಾಕ ಹೆಪ್ಪುಗಟ್ಟುವಾಗ ಅದು ಯುರೇನಿಯಂ ಅನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುತೇಕ ಹೊರಗಿಡುತ್ತದೆ. ಆದ್ದರಿಂದ ಈಗ ಅದರಲ್ಲಿ ಸಿಗುವ ಸೀಸ ಹೆಚ್ಚುಕಮ್ಮಿ ಪೂರ್ತಿಯಾಗಿ ಯುರೇನಿಯಂ ಕ್ಷಯಿಸಿ ಬಂದದ್ದು. ಯುರೇನಿಯಂ–238 ಅರ್ಧದಷ್ಟು ಕ್ಷಯಿಸಲು 446.8 ಕೋಟಿ ವರ್ಷ ಬೇಕು, ಯುರೇನಿಯಂ–235ಕ್ಕೆ ಸುಮಾರು 70.4 ಕೋಟಿ ವರ್ಷ ಸಾಕು. ಹೀಗೆ ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರಗಳು ನಡೆಯುತ್ತಿರುತ್ತವೆ. ಎರಡೂ ಒಂದೇ ಹೊತ್ತು ತೋರಿಸಿದರೆ ಆ ವಯಸ್ಸನ್ನು ನಂಬಬಹುದು ಎಂಬುದು ಈ ವಿಧಾನದ ಹೆಗ್ಗಳಿಕೆ.

ಆದರೆ ಈ ಗಡಿಯಾರ ಹೇಳುವುದು ಜಿರ್ಕಾನ್ ಬೆಳೆದ ಕಾಲವನ್ನೇ ಹೊರತು ಶಿಲೆ ಅರೆದುಹೋದ ಕಾಲವನ್ನಲ್ಲ. ಗ್ರಾನೈಟೊಂದು 310 ಕೋಟಿ ವರ್ಷಗಳ ಹಿಂದೆ ಹೆಪ್ಪುಗಟ್ಟಿ, ಷಿಯರ್ ಚಲನೆಗೆ ಸಿಕ್ಕಿದ್ದು 255 ಕೋಟಿ ವರ್ಷಗಳ ಹಿಂದೆ ಎಂದಿಟ್ಟುಕೊಂಡರೂ, ಅದರ ಜಿರ್ಕಾನ್‌ನ ತಿರುಳು 310 ಎಂದೇ ಹೇಳುತ್ತಿರುತ್ತದೆ. ಚಲನೆಯ ಹೊತ್ತಿನಲ್ಲಿ ಶಾಖ ಮತ್ತು ದ್ರವಗಳ ಪ್ರಭಾವದಿಂದ ಹಳೆಯ ಹರಳಿನ ಸುತ್ತ ಹೊಸ ಜಿರ್ಕಾನ್ ಕವಚ ಬೆಳೆದಿದ್ದರೆ ಮಾತ್ರ ಆ ಕವಚ ಏನಾದರೂ ಹೇಳೀತು. ಅದಾದರೂ ಕವಚ ಬೆಳೆದದ್ದು ಚಲನೆಯ ಜೊತೆಗೇ ಎಂದು ಬೇರೆ ಸಾಕ್ಷ್ಯದಿಂದ ತೋರಿಸಬೇಕು. ಪ್ರಸ್ತಾವನೆ ಮಂಡನೆಯಾದಾಗ ಈ ಪ್ರಶ್ನೆ ಬಂದಿತ್ತು. ಕವಚಗಳನ್ನೇ ಗುರಿಯಾಗಿಟ್ಟು ಅಳೆಯುವುದಾಗಿ ಸಂಶೋಧಕಿ ಉತ್ತರಿಸಿದ್ದರು. ಉತ್ತರ ಸರಿಯಾಗಿಯೇ ಇತ್ತು. ಅದನ್ನು ಕಾರ್ಯರೂಪಕ್ಕೆ ತರುವಾಗ ಬಂದ ಅಡ್ಡಿಯೇ ಮುಂದಿನ ಕತೆಗೆಲ್ಲ ಕಾರಣ.

ಕ್ಷೇತ್ರಕಾರ್ಯ ಮತ್ತು ಒಂದು ಸಾಲಿನ ಟಿಪ್ಪಣಿ

ಕ್ಷೇತ್ರಕಾರ್ಯದ ವಿಷಯದಲ್ಲಿ ಈ ಸಂಶೋಧಕಿಯ ಬಗ್ಗೆ ನನಗೆ ತುಂಬು ಗೌರವವಿದೆ. ಬಯಲುಸೀಮೆಯ ಬಿಸಿಲಲ್ಲಿ ಟೋಪೋಶೀಟ್ ಹಿಡಿದು, ಬ್ರಂಟನ್ ದಿಕ್ಸೂಚಿಯಿಂದ ಪದರಗಳ ದಿಕ್ಕು ಮತ್ತು ಬಾಗನ್ನು ಅಳೆದು, ಪ್ರತಿ ಮಾದರಿಯ ಮೇಲೂ ಸುತ್ತಿಗೆ ತಾಗುವ ಮೊದಲೇ ದಿಕ್ಕಿನ ಗೆರೆ ಎಳೆದು ಅವರು ಕಲ್ಲು ತಂದಿದ್ದರು. ದಿಕ್ಕಿನ ಗುರುತಿಲ್ಲದ ಮೈಲೋನೈಟ್ ಚೂರು ಚಲನೆಯ ಬಗ್ಗೆ ಏನನ್ನೂ ಹೇಳಲಾರದು. ಮಾದರಿಗಳನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಮಾಡಿದ ತೆಳು ಛೇದಗಳಲ್ಲಿ ಕಣ್ಣಿನಾಕಾರದ ಫೆಲ್ಡ್‌ಸ್ಪಾರ್ ಹರಳುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅವುಗಳ ಎರಡು ತುದಿಯಿಂದ ಹೊರಟ ಸಣ್ಣ ಹರಳುಗಳ ಬಾಲಗಳು ಒಂದೇ ರೀತಿಯಲ್ಲಿ ಬಾಗಿದ್ದವು. ವಲಯದ ಒಂದು ಬದಿಯಲ್ಲಿ ನಿಂತು ನೋಡಿದರೆ ಎದುರು ಬದಿ ಎಡಕ್ಕೆ ಸರಿದಿದೆ ಎಂಬುದಕ್ಕೆ ಇದು ಸಾಕ್ಷಿ. ಚಿತ್ರದುರ್ಗದ ವಲಯದಲ್ಲಿ ಇಂಥ ಎಡಮುಖ ಚಲನೆಯನ್ನು ಹಿಂದಿನವರೂ ದಾಖಲಿಸಿದ್ದರಿಂದ ಈ ಭಾಗದಲ್ಲಿ ಆತಂಕವಿರಲಿಲ್ಲ.

ಅವರ ಮೊದಲ ಋತುವಿನ ನೋಟ್‌ಪುಸ್ತಕದಲ್ಲಿ, ಒಂದು ಕಲ್ಲು ಕ್ವಾರಿಯ ಪುಟದಲ್ಲಿ, ಪೆನ್ಸಿಲ್ಲಿನ ಚಿತ್ರದ ಪಕ್ಕ ಒಂದೇ ಸಾಲು ಇತ್ತು: “ಬಿಳಿ ಎಳೆ ಮೈಲೋನೈಟ್ ಪದರಗಳನ್ನು ಅಡ್ಡ ಕತ್ತರಿಸುತ್ತದೆ, ತಾನು ಬಾಗಿಲ್ಲ, ಒಳಗೆ ಪದರವಿಲ್ಲ.” ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೋ ಸಂಖ್ಯೆಯೂ ಇತ್ತು. ಬಂಡೆಯೊಳಗೆ ತೂರಿ ಹೆಪ್ಪುಗಟ್ಟಿದ್ದ ಆ ಎಳೆಯಿಂದ ಮಾದರಿ ತೆಗೆದುಕೊಂಡಿರಲಿಲ್ಲ. ಯೋಜನೆಯಲ್ಲಿ ಇದ್ದದ್ದು ನೈಸ್ ಮತ್ತು ಗ್ರಾನೈಟ್ ಮಾತ್ರ.

ಪ್ರಯೋಗಾಲಯದ ಸರದಿ

ಹರಳಿನಲ್ಲಿ ಲೇಸರ್‌ನಿಂದ ಸಣ್ಣ ಗುಳಿ ತೋಡಿ, ಆ ಬಿಂದುವಿನ ಯುರೇನಿಯಂ–ಸೀಸ ಅಳೆಯುವ ಕಾಲನಿರ್ಣಯದ ಉಪಕರಣಗಳು ನಮ್ಮ ದೇಶದಲ್ಲಿ ಕೆಲವೇ ಕಡೆ ಇವೆ. ಹೊರಗಿನ ವಿದ್ಯಾರ್ಥಿಗೆ ಸರದಿ ಬರಲು ತಿಂಗಳುಗಟ್ಟಲೆ ಕಾಯಬೇಕು. ಕಲ್ಲನ್ನು ಪುಡಿಮಾಡಿ, ಭಾರದ್ರವದಲ್ಲಿ ಮುಳುಗಿಸಿ, ಕಾಂತೀಯ ವಿಭಜಕದಲ್ಲಿ ಹಾಯಿಸಿ, ಕೊನೆಗೆ ಸೂಕ್ಷ್ಮದರ್ಶಕದಡಿ ಸೂಜಿಯಿಂದ ಒಂದೊಂದೇ ಹರಳನ್ನು ಆರಿಸುವ ಕೆಲಸ ಬೇಗ ಮುಗಿಯಿತು. ಆರಿಸಿದ ಹರಳುಗಳನ್ನು ಎಪಾಕ್ಸಿ ಅಂಟಿನ ಬಿಲ್ಲೆಯಲ್ಲಿ ಕೂರಿಸಿ, ನಡುಭಾಗ ತೆರೆದುಕೊಳ್ಳುವ ಹಾಗೆ ಪಾಲಿಶ್ ಮಾಡಲಾಯಿತು. ಮುಂದಿನದು ಕ್ಯಾಥೋಡೋಲ್ಯೂಮಿನಸೆನ್ಸ್ (ಸಿಎಲ್) ಚಿತ್ರಣ. ಎಲೆಕ್ಟ್ರಾನ್ ಕಿರಣ ಬಿದ್ದಾಗ ಜಿರ್ಕಾನ್ ಹೊಮ್ಮಿಸುವ ಬೆಳಕಿನಲ್ಲಿ ತೆಗೆದ ಈ ಚಿತ್ರದಲ್ಲಿ ಹರಳಿನ ತಿರುಳು ಎಲ್ಲಿ ಮುಗಿದು ಕವಚ ಎಲ್ಲಿ ಶುರುವಾಗುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಸಾಮಾನ್ಯ ಬೆಳಕಿನಲ್ಲಿ ಎರಡೂ ಒಂದೇ ಬಣ್ಣ.

ಆ ಚಿತ್ರಣದ ಉಪಕರಣ ಬೇರೊಂದು ಕಡೆ ಇತ್ತು, ಕೆಟ್ಟು ನಿಂತಿತ್ತು. ಅಷ್ಟರಲ್ಲಿ ಲೇಸರ್ ಪ್ರಯೋಗಾಲಯದ ಸರದಿ ಬಂತು. ಈಗ ಬಿಟ್ಟರೆ ಮತ್ತೆ ಯಾವಾಗಲೋ ಗೊತ್ತಿಲ್ಲ. ಫೆಲೋಶಿಪ್‌ನ ಐದು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಹೋಗಿತ್ತು. ಯುಜಿಸಿಯ 2022ರ ನಿಯಮಾವಳಿ ಪಿಎಚ್.ಡಿಗೆ ಕೊಡುವ ಗರಿಷ್ಠ ಆರು ವರ್ಷಗಳ ಗಡುವೂ ಕಣ್ಣಮುಂದಿತ್ತು. ಹೋಗುವುದೋ ಬಿಡುವುದೋ ಎಂಬ ನಿರ್ಧಾರವನ್ನು ಒಂದೆರಡು ದಿನಗಳಲ್ಲಿ ತೆಗೆದುಕೊಳ್ಳಬೇಕಿತ್ತು. ಮಾರ್ಗದರ್ಶಕರೂ ಸಂಶೋಧಕಿಯೂ ಸೇರಿ, ಸಾಮಾನ್ಯ ಬೆಳಕಿನ ಚಿತ್ರಗಳನ್ನೇ ಆಧಾರವಾಗಿಟ್ಟುಕೊಂಡು ಅಳೆಯುವುದೆಂದು ತೀರ್ಮಾನಿಸಿದರು. ಹೊರಗಿನ ಅಂಚಿಗೆ ಹತ್ತಿರ ಒಂದು ಬಿಂದು, ಒಳಗೆ ಒಂದು ಬಿಂದು ಎಂಬುದು ಅವರ ಸೂತ್ರ. ಲೇಸರ್ ತೋಡುವ ಗುಳಿಯ ಅಗಲ 30 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಕವಚದ ದಪ್ಪ ಬಹುಪಾಲು ಹರಳುಗಳಲ್ಲಿ 15–20 ಮೈಕ್ರಾನ್ ಮಾತ್ರವೆಂದು ಆಗ ಯಾರಿಗೂ ತಿಳಿದಿರಲಿಲ್ಲ, ಏಕೆಂದರೆ ಅದನ್ನು ತೋರಿಸುವ ಚಿತ್ರ ಇನ್ನೂ ಆಗಿರಲಿಲ್ಲ.

ಈ ನಿರ್ಧಾರವನ್ನು ದುಡುಕು ಎಂದು ನಾನು ಕರೆಯಲಾರೆ. ಅವರ ಜಾಗದಲ್ಲಿದ್ದ ಅನೇಕರು ಹಾಗೆಯೇ ಮಾಡುತ್ತಾರೆ, ಮಾಡಿದ್ದಾರೆ. ಆದರೆ ಇದು ಮೊದಲ ತಿರುವು.

288 ಕೋಟಿಯ ಆಕರ್ಷಣೆ

ಫಲಿತಾಂಶ ನೋಡಲು ಬಹಳ ಚೆನ್ನಾಗಿತ್ತು. ಒಳಬಿಂದುಗಳು ಸುಮಾರು 310 ಕೋಟಿ ವರ್ಷ ತೋರಿಸಿದವು. ಅದು ನೈಸ್ ಹೆಪ್ಪುಗಟ್ಟಿದ ಕಾಲ. ಅಂಚಿನ ಬಿಂದುಗಳಲ್ಲಿ ಕೆಲವು 252 ಕೋಟಿಯ ಸುತ್ತ ಬಂದವು. ರಾಮನಗರದ ಬೆಟ್ಟಗಳಲ್ಲಿ ಕಾಣುವ ಕ್ಲೋಸ್‌ಪೇಟ್ ಗ್ರಾನೈಟ್ ಹೆಪ್ಪುಗಟ್ಟಿದ್ದೂ ಹೆಚ್ಚುಕಮ್ಮಿ ಆಗಲೇ, ಇಡೀ ಕ್ರೇಟಾನ್ ಬಿಸಿಯಾಗಿದ್ದ ಹೊತ್ತು ಅದು, ಹಾಗಾಗಿ ಅದರಲ್ಲಿ ಅಚ್ಚರಿಯಿರಲಿಲ್ಲ. ಅಚ್ಚರಿ ಇದ್ದದ್ದು ನಡುವಿನ ಬಿಂದುಗಳಲ್ಲಿ. ಹತ್ತಾರು ಬಿಂದುಗಳು 270ರಿಂದ 300 ಕೋಟಿಯವರೆಗೆ ಹರಡಿಕೊಂಡು, ನಕ್ಷೆಯಲ್ಲಿ 288ರ ಬಳಿ ಒಂದು ಗುಡ್ಡ ಎಬ್ಬಿಸಿದ್ದವು. ಅವುಗಳಲ್ಲಿ ಎರಡೂ ಗಡಿಯಾರಗಳ ವ್ಯತ್ಯಾಸ ಶೇಕಡಾ 5ಕ್ಕಿಂತ ಕಡಿಮೆ. ಶೇಕಡಾ 10ರವರೆಗಿನ ವ್ಯತ್ಯಾಸವನ್ನೂ ಹಲವರು ಒಪ್ಪುವ ಕ್ಷೇತ್ರದಲ್ಲಿ ಇದು ಅತ್ಯುತ್ತಮ ದತ್ತಾಂಶವೇ ಸರಿ.

288 ಎಂಬ ಅಂಕಿಗೆ ಇನ್ನೊಂದು ಆಕರ್ಷಣೆಯೂ ಇತ್ತು. ಬಾಬಾಬುಡನ್ ಗುಂಪಿನ ಶಿಲೆಗಳು ಶೇಖರವಾದದ್ದು ಸುಮಾರು 290ರಿಂದ 270 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ. ಅದೇ ಹೊತ್ತಿಗೆ ಷಿಯರ್ ವಲಯವೂ ಚಲಿಸುತ್ತಿತ್ತು ಎಂದಾದರೆ, ಆ ಶಿಲೆಗಳು ಶೇಖರವಾದ ತಗ್ಗನ್ನು ತೆರೆದದ್ದೇ ಈ ವಲಯ ಎನ್ನಬಹುದಿತ್ತು. ಒಂದು ಗಡಿರೇಖೆ ಮೂವತ್ತೈದು ಕೋಟಿ ವರ್ಷ ಮತ್ತೆ ಮತ್ತೆ ಜೀವ ಪಡೆದ ಸುಂದರ ಕಥನ ಅದು. ಅಧ್ಯಾಯ ಬರೆದಾಯಿತು, ಸಮ್ಮೇಳನವೊಂದಕ್ಕೆ ಸಾರಾಂಶ ಹೋಯಿತು, ಅದು ಸ್ವೀಕೃತವೂ ಆಯಿತು.

ಅಧ್ಯಾಯದ ಕರಡಿನಲ್ಲಿ 288ಕ್ಕೆ ತೂಕಸಹಿತ ಸರಾಸರಿ ಕೊಟ್ಟಿದ್ದರು. ಅದರ ಜೊತೆಗೆ ಬರುವ ಎಂಎಸ್‌ಡಬ್ಲ್ಯುಡಿ ಎಂಬ ಅಳತೆ 1ರ ಹತ್ತಿರವಿದ್ದರೆ ಬಿಂದುಗಳು ನಿಜಕ್ಕೂ ಒಂದೇ ವಯಸ್ಸಿನವು ಎನ್ನಬಹುದು. ಕರಡಿನಲ್ಲಿ ಅದು 1ರ ಹತ್ತಿರವೇ ಇತ್ತು. ಆದರೆ ಅಡಿಟಿಪ್ಪಣಿಯಲ್ಲಿ, ಹೊಂದದ ಬಿಂದುಗಳನ್ನು ಬಿಟ್ಟು ಲೆಕ್ಕ ಹಾಕಿದೆ ಎಂದಿತ್ತು. ಎಷ್ಟು ಬಿಂದುಗಳನ್ನು, ಯಾವ ಕಾರಣಕ್ಕೆ ಬಿಡಲಾಯಿತು ಎಂಬುದು ಇರಲಿಲ್ಲ.

ಸಮಿತಿಯ ಸಭೆ

ವಾರ್ಷಿಕ ಪ್ರಗತಿ ಸಭೆಯಲ್ಲಿ ಚರ್ಚೆ ಮುಖ್ಯವಾಗಿ ಭೂಫಲಕಗಳ ಬಗ್ಗೆಯೇ ನಡೆಯಿತು. ಸಭೆ ಮುಗಿಯುವ ಹೊತ್ತಿಗೆ ಸಮಿತಿಯ ಹಿರಿಯ ಸದಸ್ಯರೊಬ್ಬರು, ಜೀವಮಾನವೆಲ್ಲ ಶಿಲಾವಿಜ್ಞಾನ ಪಾಠ ಮಾಡಿದವರು, ಬಿಟ್ಟುಹೋದ ಪ್ರಶ್ನೆಯನ್ನು ಕೇಳಿದರು: “ನೋಡಮ್ಮ, ಈ 288 ಕೊಟ್ಟ ಗುಳಿಗಳು ಹರಳಿನ ಯಾವ ಭಾಗದಲ್ಲಿವೆ, ಒಂದೆರಡು ತೋರಿಸ್ತೀಯಾ?” ಸಂಶೋಧಕಿ ಸಾಮಾನ್ಯ ಬೆಳಕಿನ ಚಿತ್ರ ತೋರಿಸಿದರು. “ಇದರಲ್ಲಿ ತಿರುಳು ಕವಚ ಕಾಣೋದಿಲ್ಲವಲ್ಲ.” “ಸಿಎಲ್ ಚಿತ್ರ ಇನ್ನೂ ಆಗಿಲ್ಲ ಸರ್.”

ಮಾರ್ಗದರ್ಶಕರು ಮೊದಲು ಇದನ್ನು ಒಪ್ಪಲಿಲ್ಲ. ಅವರ ವಾದದಲ್ಲಿ ಹುರುಳಿತ್ತು: ಎರಡು ವಯಸ್ಸಿನ ಭಾಗಗಳು ಬೆರೆತಿದ್ದರೆ ಎರಡು ಗಡಿಯಾರಗಳು ಬೇರೆ ಬೇರೆ ವಯಸ್ಸು ತೋರಿಸಬೇಕಿತ್ತು, ಇಲ್ಲಿ ತಾಳೆಯಾಗಿವೆ. ಕೇಳಲು ತಾರ್ಕಿಕವಾಗಿದೆ, ಎಷ್ಟೋ ಪ್ರಬಂಧಗಳು ಈ ನಂಬಿಕೆಯ ಮೇಲೆ ನಿಂತಿವೆ. ಹಾಗಾಗಿ ಅಲ್ಲೇ ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಲಾಯಿತು. ಆ ಲೆಕ್ಕವನ್ನು ಇಲ್ಲಿ ಪೂರ್ತಿ ಕೊಡುವುದು ಅಗತ್ಯವೆಂದು ನನಗನಿಸುತ್ತದೆ.

310 ಕೋಟಿ ವರ್ಷದ ಜಿರ್ಕಾನ್‌ನಲ್ಲಿ ಸೀಸ–206 ಮತ್ತು ಯುರೇನಿಯಂ–238ರ ಅನುಪಾತ ಸುಮಾರು 0.618, ಸೀಸ–207 ಮತ್ತು ಯುರೇನಿಯಂ–235ರದು ಸುಮಾರು 20.2. 252 ಕೋಟಿ ವರ್ಷದ ಜಿರ್ಕಾನ್‌ನಲ್ಲಿ ಇವೇ ಅನುಪಾತಗಳು ಸುಮಾರು 0.478 ಮತ್ತು 11.0. ಲೇಸರ್ ಗುಳಿ ಇಂಥ ತಿರುಳು ಮತ್ತು ಕವಚದ ಗಡಿಯ ಮೇಲೆ ಬಿದ್ದು ಎರಡರ ಯುರೇನಿಯಂ ಸಮಪಾಲಾಗಿ ಬಂದರೆ ಸಿಗುವುದು ಎರಡರ ಸರಾಸರಿ: 0.548 ಮತ್ತು 15.6. ಇದರಿಂದ ವಯಸ್ಸು ತೆಗೆದರೆ, ಸೀಸ–206 ಮತ್ತು ಯುರೇನಿಯಂ–238ರ ಲೆಕ್ಕದಲ್ಲಿ ಸುಮಾರು 282 ಕೋಟಿ ವರ್ಷ, ಎರಡು ಸೀಸಗಳ ಅನುಪಾತದ ಲೆಕ್ಕದಲ್ಲಿ ಸುಮಾರು 288 ಕೋಟಿ ವರ್ಷ. ವ್ಯತ್ಯಾಸ ಶೇಕಡಾ 2. ಶೇಕಡಾ 10ರ ಜರಡಿಯಿರಲಿ, 5ರ ಜರಡಿಯಿರಲಿ, ಈ ಸುಳ್ಳು ವಯಸ್ಸು ಸಲೀಸಾಗಿ ಹಾದುಹೋಗುತ್ತದೆ. ಅಷ್ಟು ಹಳೆಯ ಕಾಲದಲ್ಲಿ, ಐವತ್ತು ಅರವತ್ತು ಕೋಟಿ ವರ್ಷಗಳ ಅಂತರವಿರುವ ಎರಡು ವಯಸ್ಸುಗಳನ್ನು ಜೋಡಿಸುವ ಮಿಶ್ರಣರೇಖೆ ನಿಜವಾದ ವಯಸ್ಸುಗಳ ವಕ್ರರೇಖೆಗೆ ಬಹುತೇಕ ಅಂಟಿಕೊಂಡೇ ಸಾಗುತ್ತದೆ. ಒಂದು ವಯಸ್ಸು ತೀರ ಎಳೆಯದಾಗಿದ್ದರೆ ಮಿಶ್ರಣ ತಾನಾಗಿ ಬಯಲಾಗುತ್ತಿತ್ತು. ಧಾರವಾಡದಂಥ ನೆಲದಲ್ಲಿ ಅದು ಬಯಲಾಗುವುದಿಲ್ಲ.

ಹಲಗೆಯ ಮೇಲೆ 288 ಎಂಬ ಅಂಕಿ ಮೂಡಿದಾಗ ಕೋಣೆಯಲ್ಲಿದ್ದವರಿಗೆಲ್ಲ ವಿಷಯ ಅರ್ಥವಾಯಿತು. ಮಿಶ್ರಣವೇ ಆಗಿದೆ ಎಂದು ಲೆಕ್ಕ ಸಾಧಿಸಿರಲಿಲ್ಲ. ಮಿಶ್ರಣ ಆಗಿದ್ದರೂ ದತ್ತಾಂಶ ಹೀಗೆಯೇ ಕಾಣುತ್ತದೆ ಎಂದಷ್ಟೇ ತೋರಿಸಿತ್ತು. ಅಷ್ಟು ಸಾಕಾಗಿತ್ತು. ಮಾರ್ಗದರ್ಶಕರೇ ಮುಂದಾಗಿ, ಪರೀಕ್ಷೆ ಮುಗಿಯುವವರೆಗೆ ಸಮ್ಮೇಳನದ ಸಾರಾಂಶವನ್ನು ಹಿಂತೆಗೆದುಕೊಳ್ಳೋಣ ಎಂದರು. ಸ್ವೀಕೃತವಾದ ಸಾರಾಂಶವನ್ನು ಹಿಂಪಡೆಯುವುದು ಒಬ್ಬ ಯುವ ಸಂಶೋಧಕಿಗೆ ಎಷ್ಟು ಕಷ್ಟವೆಂದು ಬಲ್ಲವರಿಗೆ ಆ ಮಾತಿನ ಬೆಲೆ ಗೊತ್ತು.

ಮರುಪರೀಕ್ಷೆ

ಒಳ್ಳೆಯ ಸಂಗತಿಯೆಂದರೆ ಬಿಲ್ಲೆ ಹಾಗೇ ಇತ್ತು, ಗುಳಿಗಳೂ ಇದ್ದವು. ಸಿಎಲ್ ಉಪಕರಣ ರಿಪೇರಿಯಾದ ಮೇಲೆ ಪ್ರತಿ ಹರಳಿನ ಚಿತ್ರ ತೆಗೆದು, ಪ್ರತಿ ಗುಳಿಯನ್ನು ಅದರಲ್ಲಿ ಗುರುತಿಸಲಾಯಿತು. ಇಲ್ಲಿ ಸಂಶೋಧಕಿ ತೆಗೆದುಕೊಂಡ ಒಂದು ನಿರ್ಧಾರ ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯಂತ ಬೆಲೆಯುಳ್ಳ ಹೆಜ್ಜೆ. ಗುಳಿಗಳನ್ನು ವರ್ಗೀಕರಿಸುವ ಕೆಲಸವನ್ನು ಅವರು ತಾವು ಮಾಡಲಿಲ್ಲ. ವಯಸ್ಸುಗಳ ಪಟ್ಟಿಯನ್ನು ನೋಡದ ಸಹಪಾಠಿಯೊಬ್ಬರಿಗೆ ಚಿತ್ರಗಳನ್ನು ಮಾತ್ರ ಕೊಟ್ಟು, ಗುಳಿ ಪೂರ್ತಿ ತಿರುಳಿನಲ್ಲಿದೆಯೇ, ಪೂರ್ತಿ ಕವಚದಲ್ಲಿದೆಯೇ, ಗಡಿ ಅಥವಾ ಬಿರುಕಿನ ಮೇಲಿದೆಯೇ ಎಂದು ಬರೆದುಕೊಡುವಂತೆ ಕೇಳಿದರು. ಆ ಪಟ್ಟಿ ಮುಗಿದು ಮುಚ್ಚಿದ ಮೇಲೆಯೇ ವಯಸ್ಸುಗಳನ್ನು ಪಕ್ಕದಲ್ಲಿಟ್ಟು ನೋಡಿದ್ದು.

ನಡುವಿನ ವಯಸ್ಸು ಕೊಟ್ಟ ಬಿಂದುಗಳಲ್ಲಿ ಬಹುಪಾಲು ಗಡಿಯ ಮೇಲಿದ್ದವು. ಚಿತ್ರದಲ್ಲಿ ಅದು ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು: ಒಳಗೆ ಒಂದರೊಳಗೊಂದು ಸೂಕ್ಷ್ಮ ಪಟ್ಟೆಗಳುಳ್ಳ ತಿಳಿ ಬೂದುಬಣ್ಣದ ತಿರುಳು, ಅದರ ಸುತ್ತ ಪಟ್ಟೆಯೇ ಇಲ್ಲದ ಕಪ್ಪು ಕವಚ, ಎರಡನ್ನೂ ಅರ್ಧರ್ಧ ನುಂಗಿದ ದುಂಡನೆಯ ಗುಳಿ. ಥೋರಿಯಂ–ಯುರೇನಿಯಂ ಅನುಪಾತ ಇದಕ್ಕೆ ಎರಡನೆಯ ಸಾಕ್ಷಿಯಾಯಿತು. ಶಿಲಾಪಾಕದಲ್ಲಿ ಬೆಳೆದ ತಿರುಳುಗಳಲ್ಲಿ ಅದು ಹೆಚ್ಚಿತ್ತು. ಕವಚಗಳಲ್ಲಿ, ರೂಪಾಂತರದ ವೇಳೆ ಬೆಳೆದ ಜಿರ್ಕಾನ್‌ಗಳಲ್ಲಿ ಸಾಮಾನ್ಯವಾಗಿರುವಂತೆ, 0.1ಕ್ಕಿಂತ ಕಡಿಮೆಯಿತ್ತು, 288ರ ಗುಂಪಿನಲ್ಲಿ ಎರಡರ ನಡುವೆ ಹರಡಿಕೊಂಡಿತ್ತು. ನಿಜವಾಗಿಯೂ ಮೂರನೆಯ ಒಂದು ಘಟನೆಯಲ್ಲಿ ಬೆಳೆದ ಜಿರ್ಕಾನ್ ಆಗಿದ್ದರೆ ಅದಕ್ಕೆ ತನ್ನದೇ ಆದ ಒಂದು ಲಕ್ಷಣ ಇರಬೇಕಿತ್ತು.

ಕೆಲವು ಬಿಂದುಗಳು ಮಾತ್ರ ತಿರುಳಿನ ಒಳಗೇ ಇದ್ದೂ ನಡುವಿನ ವಯಸ್ಸು ಕೊಟ್ಟಿದ್ದವು. 288ನ್ನು ಉಳಿಸಿಕೊಳ್ಳಲು ಅದೇ ಕೊನೆಯ ಆಸರೆಯಾಗಬಹುದಿತ್ತು. ಚಿತ್ರ ನೋಡಿದರೆ ಅವು ಬಿದ್ದಿದ್ದ ಜಾಗಗಳಲ್ಲಿ ಪಟ್ಟೆಗಳು ಅಳಿಸಿ ಕಲೆಕಲೆಯಾಗಿದ್ದವು, ಯುರೇನಿಯಂ ಹೆಚ್ಚಿತ್ತು. ವಿಕಿರಣದಿಂದ ಜಾಳಾದ ಅಂಥ ಭಾಗಗಳು 252 ಕೋಟಿ ವರ್ಷಗಳ ಹಿಂದಿನ ಬಿಸಿಯಲ್ಲಿ ತಮ್ಮ ಸೀಸದ ಒಂದಂಶವನ್ನು ಕಳೆದುಕೊಂಡರೂ ಅದೇ ಮಿಶ್ರಣರೇಖೆಯ ಮೇಲೆಯೇ ಬಂದು ಕೂರುತ್ತವೆ. ಹೀಗಾಗಿ ಅವುಗಳನ್ನೂ ಬಿಡಬೇಕಾಯಿತು.

288 ಕೋಟಿ ವರ್ಷಗಳ ಹಿಂದೆ ಆ ವಲಯದಲ್ಲಿ ಚಲನೆ ನಡೆದೇ ಇಲ್ಲ ಎಂದು ಇದರಿಂದ ಸಾಬೀತಾಗಲಿಲ್ಲ ಎಂಬುದನ್ನು ಗಮನಿಸಬೇಕು. ನಡೆದಿರಲೂಬಹುದು. ನಡೆದಿದೆ ಎನ್ನಲು ಈ ಹರಳುಗಳಲ್ಲಿ ಆಧಾರವಿಲ್ಲ ಎಂಬುದಷ್ಟೇ ತೀರ್ಮಾನ. ಮರುಕರಡಿನಲ್ಲಿ ಈ ಎರಡು ಮಾತುಗಳ ಅಂತರವನ್ನು ಕಾಪಾಡಲು ಸಮಿತಿ ಸಾಕಷ್ಟು ಸಮಯ ಕೊಟ್ಟಿತು, ಏಕೆಂದರೆ ನಿರಾಸೆಯಲ್ಲಿ ಬರೆಯುವವರು ಒಂದು ತುದಿಯಿಂದ ಇನ್ನೊಂದು ತುದಿಗೆ ಜಾರುವುದು ಬಹಳ ಸುಲಭ.

ಮತ್ತೆ ಕ್ವಾರಿಗೆ

ಮುಖ್ಯ ಅಧ್ಯಾಯ ಹೋಯಿತು, ಸಮಯ ಕಡಿಮೆಯಿದೆ. ಮೂರು ದಾರಿಗಳಿದ್ದವು. ರಚನಾ ಭೂವಿಜ್ಞಾನದ ಭಾಗವನ್ನಷ್ಟೇ ಹಿಗ್ಗಿಸಿ ಕಾಲನಿರ್ಣಯವನ್ನು ಕೈಬಿಡುವುದು. ಚಿಕ್ಕ ಗುಳಿಯಿಂದ ಕವಚಗಳನ್ನು ಮತ್ತೆ ಅಳೆಯುವುದು. ಪ್ರಶ್ನೆಯನ್ನೇ ಬೇರೆ ರೀತಿ ಕೇಳುವುದು. ಸಮಿತಿಯಲ್ಲಿ ಹೆಚ್ಚಿನವರು ಮೊದಲನೆಯದರ ಕಡೆ ವಾಲಿದ್ದರು. ಆಗ ಸಂಶೋಧಕಿ ತಮ್ಮ ಮೊದಲ ಋತುವಿನ ನೋಟ್‌ಪುಸ್ತಕ ತಂದು ಬಿಳಿ ಎಳೆಯ ಪುಟ ತೋರಿಸಿದರು.

ಅವರ ತರ್ಕ ಹೀಗಿತ್ತು. ಅರೆದುಹೋದ ಶಿಲೆಗಳಲ್ಲೆಲ್ಲ ಕಿರಿಯದು ಯಾವುದೋ, ಚಲನೆ ಅದಕ್ಕಿಂತ ಈಚಿನದು. ಅರೆಯದೆ ಪದರಗಳನ್ನು ಕತ್ತರಿಸಿ ಹೋದ ಎಳೆ ಯಾವುದೋ, ಚಲನೆ ಅದಕ್ಕಿಂತ ಆಚಿನದು. ಷಿಯರ್ ವಲಯದೊಳಗೆ ಸಿಕ್ಕಿ ಮೈಲೋನೈಟ್ ಆಗಿದ್ದ ಒಂದು ಗ್ರಾನೈಟ್ ಹಾಳೆಯ ಮಾದರಿ ಅವರ ಬಳಿ ಇತ್ತು. ಅದರ ಜಿರ್ಕಾನ್‌ಗಳಿಗೆ ತಿರುಳು–ಕವಚದ ಗೋಜಲಿಲ್ಲ. ವಯಸ್ಸು ಸುಮಾರು 261 ಕೋಟಿ ವರ್ಷ, ಚಿತ್ರದುರ್ಗ ಮತ್ತು ಅರಸೀಕೆರೆಯ ಗ್ರಾನೈಟ್‌ಗಳಿಗೆ ಹಿಂದಿನ ಅಧ್ಯಯನಗಳಲ್ಲಿ ಬಂದಿರುವ ವಯಸ್ಸಿನ ಆಸುಪಾಸು. 288ರ ಕಥನಕ್ಕೆ ಬೇಕಿಲ್ಲದ್ದರಿಂದ ಅದು ಹಳೆಯ ಕರಡಿನಲ್ಲಿ ಒಂದು ಕೋಷ್ಟಕದ ಮೂಲೆಯಲ್ಲಿತ್ತು. ಈಗ ಬಿಳಿ ಎಳೆಯ ವಯಸ್ಸು ಸಿಕ್ಕರೆ ಚಲನೆ ಎರಡರ ನಡುವೆ ಸಿಕ್ಕಿಬೀಳುತ್ತದೆ. ಷಿಯರ್ ಚಲನೆಯನ್ನು ನೇರವಾಗಿ ಅಳೆಯುವ ಹಟ ಬಿಟ್ಟು, ಅದಕ್ಕೆ ಹಿಂದುಮುಂದಿನ ಬೇಲಿ ಹಾಕುವ ಈ ಯೋಚನೆ ಎಲ್ಲರಿಗೂ ಒಪ್ಪಿಗೆಯಾಯಿತು.

ಆದರೆ ಕ್ವಾರಿಗೆ ಹೋದಾಗ ಬಿಳಿ ಎಳೆ ಕಂಡಿದ್ದ ಬಂಡೆಯ ಮುಖವೇ ಇರಲಿಲ್ಲ. ಸಿಡಿಮದ್ದಿನಿಂದ ಒಡೆದು ಕಲ್ಲು ಸಾಗಿಸಿ ಆಗಿತ್ತು. ಕ್ವಾರಿಯ ಮೇಸ್ತ್ರಿಗೆ ಫೋಟೋ ತೋರಿಸಿದಾಗ, ಬಿಳಿ ಪಟ್ಟೆಯಿರುವ ಕಲ್ಲನ್ನು ಕೊಳ್ಳುವವರು ಇಷ್ಟಪಡುವುದಿಲ್ಲ, ಅಂಥವನ್ನು ಬೇರೆ ಹಾಕುತ್ತೇವೆ ಎಂದು ಹೇಳಿ ವೇಸ್ಟ್ ಕಲ್ಲಿನ ರಾಶಿಗೆ ಕರೆದೊಯ್ದರು. ಅಲ್ಲಿ ಎಳೆಯೂ ಮೈಲೋನೈಟೂ ಒಂದರಲ್ಲೇ ಇರುವ ದಿಮ್ಮಿಗಳು ಸಿಕ್ಕವು. ದಿಕ್ಕಿನ ಗುರುತಿಲ್ಲದ ಕಲ್ಲು ಎಂಬ ಆಕ್ಷೇಪ ಸಮಿತಿಯಲ್ಲಿ ಬಂತು. ಅದಕ್ಕೆ ಸಂಶೋಧಕಿ ಕೊಟ್ಟ ಉತ್ತರ ನೇರವಾಗಿತ್ತು: ಚಲನೆಯ ದಿಕ್ಕು ಹೇಳಲು ಈ ಕಲ್ಲನ್ನು ಬಳಸುತ್ತಿಲ್ಲ; ಎಳೆ ಪದರವನ್ನು ಕತ್ತರಿಸಿದೆ ಎಂಬುದು ದಿಮ್ಮಿಯನ್ನು ಹೇಗೆ ತಿರುಗಿಸಿದರೂ ಬದಲಾಗದು; ಅದು ಇದೇ ಕ್ವಾರಿಯ ಇದೇ ಮುಖದ್ದು ಎನ್ನಲು ಹಳೆಯ ಫೋಟೋ ಮತ್ತು ಖನಿಜಗಳ ಹೋಲಿಕೆ ಇವೆ.

ಎಳೆಯ ಜಿರ್ಕಾನ್‌ಗಳು ಕೈಕೊಟ್ಟವು. ಇಂಥ ಪೆಗ್ಮಟೈಟ್ ಎಳೆಗಳಲ್ಲಿ, ಅಂದರೆ ದಪ್ಪ ಹರಳುಗಳ ಗ್ರಾನೈಟ್ ಜಾತಿಯ ಎಳೆಗಳಲ್ಲಿ, ಇದು ಸಾಮಾನ್ಯ. ಯುರೇನಿಯಂ ಅತಿಯಾಗಿ, ವಿಕಿರಣದಿಂದ ಹರಳಿನ ಕಟ್ಟಡವೇ ಹಾಳಾಗಿ, ಸೀಸ ಸೋರಿಹೋಗಿರುತ್ತದೆ. ಈ ಸಲ ಅಳೆಯುವ ಮೊದಲೇ ಚಿತ್ರ ತೆಗೆದದ್ದರಿಂದ ಅದು ಆರಂಭದಲ್ಲೇ ಗೊತ್ತಾಗಿ, ಲೇಸರ್ ಸರದಿ ವ್ಯರ್ಥವಾಗಲಿಲ್ಲ. ಬದಲಿಗೆ ಅದೇ ಎಳೆಯ ಮೊನಜೈಟ್ ಹರಳುಗಳನ್ನು ಆರಿಸಿಕೊಂಡರು. ಥೋರಿಯಂ ಹೇರಳವಾಗಿರುವ ಈ ಖನಿಜ ಮೂಲ ಸೀಸವನ್ನು ಅತ್ಯಲ್ಪವಾಗಿ ಮಾತ್ರ ಒಳಬಿಟ್ಟುಕೊಳ್ಳುತ್ತದೆ, ವಿಕಿರಣದ ಹಾನಿಯನ್ನೂ ಚೆನ್ನಾಗಿ ತಡೆಯುತ್ತದೆ. ಬಂದ ವಯಸ್ಸು ಸುಮಾರು 251 ಕೋಟಿ ವರ್ಷ.

ಹೀಗೆ ಮಹಾಪ್ರಬಂಧದ ಅಂತಿಮ ತೀರ್ಮಾನ, ಆ ಜಾಗದ ಮೈಲೋನೈಟ್ ರಚನೆ 261 ಮತ್ತು 251 ಕೋಟಿ ವರ್ಷಗಳ ನಡುವೆ ಮೂಡಿತು ಎಂಬುದಾಯಿತು. ಜೊತೆಗೆ, ಅದಕ್ಕಿಂತ ಹಿಂದೆ ಇದೇ ವಲಯದಲ್ಲಿ ಚಲನೆ ಆಗಿದ್ದರೂ ಈಗ ಕಾಣುವ ಪದರಗಳು ಅದನ್ನು ಅಳಿಸಿರಬಹುದು ಎಂಬ ಮಿತಿಯನ್ನೂ ಅದೇ ಪುಟದಲ್ಲಿ ಬರೆದರು. ಹತ್ತು ಕೋಟಿ ವರ್ಷಗಳ ಬೇಲಿ ಅಗಲವಾಯಿತು ಎಂದು ಮೌಖಿಕ ಪರೀಕ್ಷೆಯಲ್ಲಿ ಬಾಹ್ಯ ಪರೀಕ್ಷಕರು ಹೇಳಿದರು. ಅದು ನಿಜವೇ. ಆದರೆ ಆ ಬೇಲಿಯ ಎರಡೂ ಗೂಟಗಳನ್ನು ಬೇರೆಯವರು ಹೋಗಿ ಮುಟ್ಟಿ ನೋಡಬಹುದು, ಮತ್ತೆ ಅಳೆಯಬಹುದು.

ಇದೇ ದಾರಿಯಲ್ಲಿರುವವರಿಗೆ

ಈ ಪ್ರಕರಣವನ್ನು ಚಿತ್ರ ತೆಗೆಯದೆ ಅಳೆದ ತಪ್ಪು ಎಂದಷ್ಟೇ ಓದಿಕೊಂಡರೆ ಅರ್ಧ ಮಾತ್ರ ಸಿಕ್ಕಂತೆ. ಸರದಿ ಮತ್ತು ಗಡುವುಗಳ ಒತ್ತಡದಲ್ಲಿ ಅಂಥ ಹೊಂದಾಣಿಕೆಗಳು ಆಗುತ್ತಲೇ ಇರುತ್ತವೆ. ನಂತರದಲ್ಲಿ ಆ ಹೊಂದಾಣಿಕೆಯನ್ನು ಎಲ್ಲರೂ ಮರೆತುಬಿಟ್ಟರು. ಕೋಷ್ಟಕದಲ್ಲಿ ಬಂದ ಅಂಕಿಗೆ ತಾನು ಹುಟ್ಟಿದ ಜಾಗದ ನೆನಪಿರಲಿಲ್ಲ. ನನಗೆ ಹೆಚ್ಚು ಕಳವಳ ತಂದದ್ದು ಅದು. ಹಾಗೆಯೇ, ಸರಾಸರಿಯಿಂದ ಬಿಟ್ಟ ಬಿಂದುಗಳು ಅಡಿಟಿಪ್ಪಣಿಗೆ ಹೋಗದೆ ಕೋಷ್ಟಕದಲ್ಲೇ ಇದ್ದಿದ್ದರೆ, 270ರಿಂದ 300ರವರೆಗಿನ ಹರವು ಮೊದಲ ಓದಿನಲ್ಲೇ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತಿತ್ತು. ಎರಡು ಗಡಿಯಾರಗಳು ತಾಳೆಯಾಗಿವೆ ಎಂಬ ಸಮಾಧಾನವನ್ನು ಆರ್ಕಿಯನ್ ಶಿಲೆಗಳಲ್ಲಿ (250 ಕೋಟಿ ವರ್ಷಗಳಿಗಿಂತ ಹಳೆಯವುಗಳಲ್ಲಿ) ಕೆಲಸ ಮಾಡುವವರು ಇಟ್ಟುಕೊಳ್ಳುವಂತಿಲ್ಲ. ಮೇಲಿನ ಲೆಕ್ಕವನ್ನು ತಮ್ಮ ಪ್ರದೇಶದ ಎರಡು ವಯಸ್ಸುಗಳನ್ನು ಹಾಕಿ ಒಮ್ಮೆ ಮಾಡಿನೋಡಲಿ ಎಂಬುದು ನನ್ನ ಕೋರಿಕೆ. ಕಾಗದ ಪೆನ್ಸಿಲ್ಲು ಸಾಕು, ಅರ್ಧ ಗಂಟೆಯೂ ಬೇಡ.

ಮಾರ್ಗದರ್ಶಕರಿಗೆ ಇನ್ನೊಂದು ಮಾತು. ಯೋಜನೆಗೆ ಹೊಂದದ ಟಿಪ್ಪಣಿಗಳನ್ನು ಬರೆಯುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಿ, ಮತ್ತು ವರ್ಷಕ್ಕೊಮ್ಮೆಯಾದರೂ ಅವರ ನೋಟ್‌ಪುಸ್ತಕವನ್ನು ಪಕ್ಕದಲ್ಲಿ ಕೂತು ಓದಿ. ಬಿಳಿ ಎಳೆಯ ಸಾಲನ್ನು ಯಾರಾದರೂ ಮೊದಲ ವರ್ಷವೇ ಓದಿದ್ದರೆ ಆ ಮುಖ ಒಡೆಯುವ ಮೊದಲೇ ದಿಕ್ಕಿನ ಗುರುತಿನೊಂದಿಗೆ ಮಾದರಿ ಕೈಸೇರುತ್ತಿತ್ತು.

ಆ ವಿಭಾಗದಲ್ಲಿ ಈಗ ಸಿಎಲ್ ಚಿತ್ರಗಳು ಕೈಗೆ ಬರುವವರೆಗೆ ಲೇಸರ್ ಸರದಿಗೆ ಅರ್ಜಿ ಹಾಕುವುದಿಲ್ಲ. ಕಾಲನಿರ್ಣಯದ ಪ್ರತಿ ಕೋಷ್ಟಕದಲ್ಲೂ ಬಿಂದುವಿನ ಸಂಖ್ಯೆಯ ಪಕ್ಕ ಚಿತ್ರದ ಸಂಖ್ಯೆ, ಗುಳಿ ಬಿದ್ದ ಭಾಗ, ಬಿಟ್ಟಿದ್ದರೆ ಬಿಟ್ಟ ಕಾರಣ ಎಂಬ ಅಂಕಣಗಳಿವೆ. 288ರ ಆಸುಪಾಸಿನ ಬಿಂದುಗಳೆಲ್ಲ ಮಹಾಪ್ರಬಂಧದ ಅನುಬಂಧದಲ್ಲಿ ಚಿತ್ರಸಹಿತ ಅಚ್ಚಾಗಿವೆ. ಬಿಲ್ಲೆಗಳು ವಿಭಾಗದ ಸಂಗ್ರಹದಲ್ಲಿವೆ. ಹೊಸ ಸಂಶೋಧನಾರ್ಥಿಯೊಬ್ಬರು ಅವುಗಳನ್ನು ಮತ್ತೆ ಪಾಲಿಶ್ ಮಾಡಿ, ಚಿಕ್ಕ ಗುಳಿಯಿಂದ ಕವಚಗಳನ್ನು ಮಾತ್ರ ಅಳೆಯುವ ಕೆಲಸ ಕೈಗೆತ್ತಿಕೊಂಡಿದ್ದಾರೆ. ಮೈಲೋನೈಟ್ ಪದರಗಳ ಗುಂಟವೇ ಬೆಳೆದಿರುವ ಟೈಟನೈಟ್ ಹರಳುಗಳನ್ನೂ ಅವರು ಬೇರ್ಪಡಿಸುತ್ತಿದ್ದಾರೆ. ಚಲನೆಯ ಹೊತ್ತಿಗೇ ಬೆಳೆದ ಖನಿಜ ಅದೇ ಎಂದು ತೆಳು ಛೇದಗಳಲ್ಲಿ ಖಚಿತವಾದರೆ, ಹತ್ತು ಕೋಟಿ ವರ್ಷಗಳ ಆ ಬೇಲಿಯನ್ನು ಇನ್ನಷ್ಟು ಬಿಗಿಮಾಡಲು ಸಾಧ್ಯವಾಗುತ್ತದೆ.